ಒಂದೇ ಒಂದು ರೆಕ್ಕೆಯ ಪಳೆಯುಳಿಕೆ: ಹೊಸ ಪ್ರಭೇದ ಎನ್ನಲು ಎಷ್ಟು ಸಾಕು?

ಪದರಶಿಲೆ

ಎಲ್ಲರಿಗೂ ನಮಸ್ಕಾರ. ಮಾದರಿ ಒಂದು ಬಿಡಿ ರೆಕ್ಕೆ, ನೋಡಿದರೆ ಡ್ಯಾಮ್ಸೆಲ್‌ಫ್ಲೈಯದ್ದು (ಡ್ರ್ಯಾಗನ್‌ಫ್ಲೈಯ ಸಪೂರ ಸಂಬಂಧಿ ಕೀಟ). ಒಕನಾಗನ್ ಹೈಲ್ಯಾಂಡ್ಸ್‌ನ ಶೇಲ್‌ನಿಂದ (ಕೆಸರು ಗಟ್ಟಿಯಾದ ಪದರಕಲ್ಲು) ಬಂದದ್ದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದವರೆಗೆ ಚದುರಿರುವ ಈಯೋಸೀನ್ ಆರಂಭದ ಕೆರೆಗಳ ಕೆಸರು ಇದು, ಸುಮಾರು 5 ಕೋಟಿ ವರ್ಷ ಹಳೆಯದು. ಮ್ಯೂಸಿಯಂ ನೋಂದಣಿ ಸಂಖ್ಯೆ ಇದೆ, ಯಾವ ಪದರದಲ್ಲಿ ಸಿಕ್ಕಿತು ಎಂಬ ಟಿಪ್ಪಣಿಯೂ ಇದೆ. ಕಲ್ಲು ಸೀಳಿದಾಗಿನ ಎರಡೂ ಹೋಳುಗಳು ಉಳಿದಿವೆ.

ಉಳಿದ ಉದ್ದ 27 ಮಿ.ಮೀ., ನೋಡಸ್‌ನಿಂದ (ಮುಂದಿನ ಅಂಚಿನ ಮೇಲಿನ ಗಂಟಿನಂಥ ಕೀಲು) ತುದಿಗೆ 23 ಮಿ.ಮೀ., ಅಗಲ ಹೆಚ್ಚೆಂದರೆ 5.5 ಮಿ.ಮೀ. ತುದಿ ಪೂರ್ತಿ ಇದೆ. ಟೆರೊಸ್ಟಿಗ್ಮಾ (ತುದಿಯ ಬಳಿ ಮುಂದಿನ ಅಂಚಿನಲ್ಲಿರುವ ಬಣ್ಣದ ಮಚ್ಚೆ) ಕಪ್ಪಗೆ ಎದ್ದು ಕಾಣುತ್ತದೆ, ನೋಡಸ್ ಸ್ಪಷ್ಟವಾಗಿದೆ. ಬುಡ ಮುರಿದಿದೆ. ಆರ್ಕುಲಸ್ (ಬುಡದ ಬಳಿಯ ಅಡ್ಡಸಿರೆ) ಇಲ್ಲ, ಕ್ವಾಡ್ರಾಂಗಲ್‌ನ (ಅದಕ್ಕೆ ಹೊಂದಿದ ನಾಲ್ಕು ಮೂಲೆಯ ಮನೆ) ಹೊರಗಿನ ಅರ್ಧ ಮಾತ್ರ ಇದೆ. ತಲೆ, ಎದೆ, ಹೊಟ್ಟೆ ಯಾವುದೂ ಇಲ್ಲ.

ಕೇಳಬೇಕಾದದ್ದು ಇಷ್ಟು. ಮಧ್ಯಭಾಗದಲ್ಲಿ ಸಿರೆಗಳು ಒತ್ತಾಗಿವೆ, ಯಾವುದು ಯಾವ ಸಿರೆ ಎಂದು ಗುರುತಿಸುವುದು ಹೇಗೆ? ಎಡ ರೆಕ್ಕೆಯೋ ಬಲ ರೆಕ್ಕೆಯೋ ಗೊತ್ತಾಗುತ್ತಿಲ್ಲ. ಮುರಿದ ಬುಡವನ್ನು ಸೇರಿಸಿ ಪೂರ್ತಿ ಉದ್ದ ಹೇಳಬಹುದೇ? ತಲೆಯೇ ಇಲ್ಲದಿದ್ದಾಗ ಸೆಫಲೋಝೈಗಾಪ್ಟೆರಾ (ತಲೆಯ ಆಕಾರ ನೋಡಿ 2021ರಲ್ಲಿ ಕಟ್ಟಿದ ಹೊಸ ಉಪಗಣ) ಜಗಳದಲ್ಲಿ ಯಾವ ಕಡೆ ನಿಲ್ಲುವುದು? ಕೊನೆಯದಾಗಿ, ಇಷ್ಟು ಇಟ್ಟುಕೊಂಡು ಹೊಸ ಹೆಸರು ಕೊಡುವುದು ಸರಿಯೇ?

ನೋಡಸ್‌ನೋಡಿ

ಮೊದಲು ಉಬ್ಬು-ತಗ್ಗು ಓದಿ, ಹೆಸರು ಆಮೇಲೆ. ಡ್ರ್ಯಾಗನ್‌ಫ್ಲೈ, ಡ್ಯಾಮ್ಸೆಲ್‌ಫ್ಲೈಗಳ ರೆಕ್ಕೆ ಚಪ್ಪಟೆ ಹಾಳೆಯಲ್ಲ, ಮಡಿಸಿದ ಬೀಸಣಿಗೆಯಂತೆ ನೆರಿಗೆ ನೆರಿಗೆಯಾಗಿರುತ್ತದೆ. ಪ್ರತಿ ಮುಖ್ಯ ಸಿರೆಯೂ ಒಂದೋ ನೆರಿಗೆಯ ತಲೆಯ ಮೇಲೆ ಕೂರುತ್ತದೆ, ಇಲ್ಲವೇ ಕಣಿವೆಯಲ್ಲಿ ಮಲಗುತ್ತದೆ. ಮೇಲ್ಮೈಯಿಂದ ನೋಡಿದರೆ, ರೆಕ್ಕೆಯ ಹೊರ ಅರ್ಧದಲ್ಲಿ ಮುಂದಿನ ಅಂಚಿನಿಂದ ಹಿಂದಕ್ಕೆ ಕ್ರಮ ಹೀಗಿರುತ್ತದೆ (ಇವೆಲ್ಲ ಸಿರೆಗಳ ಹೆಸರು: ಆರ್‌ಎ, ಆರ್‌ಪಿ ಎಂದರೆ ರೇಡಿಯಸ್‌ನ ಮುಂದಿನ, ಹಿಂದಿನ ಕವಲು; ಐಆರ್ ಎಂದರೆ ಆರ್‌ಪಿ ಕವಲುಗಳ ನಡುವಿನವು; ಎಂಎ, ಎಂಪಿ ಮೀಡಿಯಾದ ಕವಲುಗಳು; ಸಿಯುಎ ಕ್ಯೂಬಿಟಸ್‌ನ ಮುಂದಿನ ಕವಲು): ಕಾಸ್ಟಾ ಉಬ್ಬು, ಆರ್‌ಎ ಉಬ್ಬು, ಆರ್‌ಪಿ1 ತಗ್ಗು, ಐಆರ್1 ಉಬ್ಬು, ಆರ್‌ಪಿ2 ತಗ್ಗು, ಐಆರ್2 ಉಬ್ಬು, ಆರ್‌ಪಿ3-4 ತಗ್ಗು, ಎಂಎ ಉಬ್ಬು, ಎಂಪಿ ತಗ್ಗು, ಸಿಯುಎ ಉಬ್ಬು. ಕಾಸ್ಟಾಗೂ ಆರ್‌ಎಗೂ ನಡುವೆ ತಗ್ಗಿನಲ್ಲಿ ಹೋಗುವ ಸಬ್‌ಕಾಸ್ಟಾ ನೋಡಸ್‌ನಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ನೋಡಸ್ ದಾಟಿದ ಮೇಲೆ ಆ ಜಾಗದಲ್ಲಿ ಎರಡು ಉಬ್ಬು ಒಟ್ಟಿಗೆ ಬರುತ್ತವೆ. ಆರ್‌ಎಯಿಂದ ಹಿಂದಕ್ಕೆ ಮಾತ್ರ ಉಬ್ಬು-ತಗ್ಗು ಒಂದು ಬಿಟ್ಟು ಒಂದು ತಪ್ಪದೆ ನಡೆಯಬೇಕು. ನಿಮ್ಮ ಎಣಿಕೆಯಲ್ಲಿ ಎಲ್ಲಾದರೂ ಎರಡು ಉಬ್ಬು ಪಕ್ಕಪಕ್ಕ ಬಂದರೆ ನಡುವಿನ ಒಂದು ತಗ್ಗು ಸಿರೆ ಕಣ್ತಪ್ಪಿದೆ ಎಂದರ್ಥ, ಅಥವಾ ಅಡ್ಡಸಿರೆಗಳ ಸಾಲು ಅಂಕುಡೊಂಕಾಗಿ ಜೋಡಿಸಿಕೊಂಡು ಸಿರೆಯ ವೇಷ ಹಾಕಿದೆ.

ಎಣಿಕೆಯನ್ನು ಬುಡದಿಂದ ಶುರು ಮಾಡುವುದು ರೂಢಿ. ನಿಮ್ಮಲ್ಲಿ ಬುಡ ಇಲ್ಲವಾದ್ದರಿಂದ ಎರಡು ಲಂಗರು ಹಿಡಿಯಿರಿ. ಒಂದು ಟೆರೊಸ್ಟಿಗ್ಮಾ: ಅದು ಕೂರುವುದು ಕಾಸ್ಟಾ ಮತ್ತು ಆರ್‌ಎ ನಡುವೆಯೇ, ಹಾಗಾಗಿ ಅದರ ಕೆಳ ಅಂಚು ಆರ್‌ಎ, ಅನುಮಾನವೇ ಬೇಡ. ಇನ್ನೊಂದು ಕ್ವಾಡ್ರಾಂಗಲ್‌ನ ಹೊರ ತುದಿ: ಮೇಲಿನ ಮೂಲೆಯಿಂದ ಹೊರಡುವುದು ಎಂಎ, ಕೆಳಗಿನ ಮೂಲೆಯಿಂದ ಎಂಪಿ. ಈ ಎರಡರ ನಡುವೆ ಸಿಗುವುದೆಲ್ಲ ಆರ್‌ಪಿಯ ಕವಲುಗಳು ಮತ್ತು ಅವುಗಳ ನಡುವೆ ನುಸುಳಿದ ಐಆರ್‌ಗಳು. ಆರ್‌ಪಿ3-4 ಮೊದಲು ಕವಲೊಡೆಯುತ್ತದೆ, ನಂತರ ಐಆರ್2 ಹುಟ್ಟುತ್ತದೆ, ಆರ್‌ಪಿ2 ನೋಡಸ್ ದಾಟಿದ ಮೇಲೆ ಬೇರೆಯಾಗುತ್ತದೆ. ಈ ಹುಟ್ಟುಗಳು ನೋಡಸ್‌ನ ಗೆರೆಗೆ ಎಷ್ಟು ಹಿಂದೆ ಅಥವಾ ಎಷ್ಟು ಮುಂದೆ ಎಂಬುದನ್ನು ಕೋಶಗಳ (ಸಿರೆಗಳ ನಡುವಿನ ಮನೆಗಳ) ಲೆಕ್ಕದಲ್ಲಿ ಬರೆದಿಡಿ. ಪ್ರಭೇದ, ಕುಲಗಳನ್ನು ಬೇರ್ಪಡಿಸುವಾಗ ನಿಮಗೆ ಅತಿ ಹೆಚ್ಚು ಕೆಲಸಕ್ಕೆ ಬರುವುದು ಇದೇ.

ಎಡವೋ ಬಲವೋ ಎಂಬುದಕ್ಕೂ ಉಬ್ಬು-ತಗ್ಗೇ ಉತ್ತರ. ಮುಂದಿನ ಅಂಚು ಮೇಲೆ ಬರುವಂತೆ ಕಲ್ಲನ್ನು ಇಡಿ. ಆರ್‌ಎ ಏಣಿನಂತೆ ಎದ್ದಿದ್ದು ತುದಿ ನಿಮ್ಮ ಬಲಕ್ಕಿದ್ದರೆ ಅದು ಬಲ ರೆಕ್ಕೆ. ತುದಿ ಬಲಕ್ಕೇ ಇದ್ದು ಆರ್‌ಎ ಗೀರಿನಂತೆ ಒಳಗಿದ್ದರೆ ಅದು ಎಡ ರೆಕ್ಕೆ. ಎರಡನೆಯ ಸಂದರ್ಭದಲ್ಲಿ ನೀವು ಕಾಣುತ್ತಿರುವುದು ತಳಮೈಯಾಗಿರಬಹುದು, ಮೇಲ್ಮೈಯ ಅಚ್ಚೂ ಆಗಿರಬಹುದು. ಯಾವುದಾದರೂ ಎಡ-ಬಲದ ತೀರ್ಮಾನ ಬದಲಾಗುವುದಿಲ್ಲ. ಎದುರು ಹೋಳಿನಲ್ಲಿ ಇದೇ ಪರೀಕ್ಷೆ ಮಾಡಿದರೆ ಅದೇ ಉತ್ತರ ಬರಬೇಕು. ಬರದಿದ್ದರೆ ಬೆಳಕು ನಿಮ್ಮನ್ನು ಮೋಸ ಮಾಡುತ್ತಿದೆ.

ಇನ್ನೊಂದು ಮಾತು. ಸಿರೆಗಳ ಹೆಸರಿಗೆ ಎರಡು ಮೂರು ಪದ್ಧತಿಗಳಿವೆ. ಹಳೆಯ ಪ್ರಬಂಧಗಳಲ್ಲಿ ಕಾಮ್‌ಸ್ಟಾಕ್-ನೀಡಮ್ ಹೆಸರುಗಳು, ಈಚಿನವುಗಳಲ್ಲಿ 1984ರ ರೀಕ್ ಮತ್ತು ಕುಕಲೋವಾ-ಪೆಕ್ ಪದ್ಧತಿ. ಅಲ್ಲಿ ‘ಎಂ’ ಎಂದದ್ದು ಇಲ್ಲಿ ‘ಆರ್‌ಪಿ’ ಆಗಿರಬಹುದು. ಹಳೆಯ ವರ್ಣನೆಯ ಜತೆ ಹೋಲಿಸುವಾಗ ಪದಗಳನ್ನು ನಂಬಬೇಡಿ, ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ನಿಮ್ಮ ಪ್ರಬಂಧದಲ್ಲಿ ಯಾವ ಪದ್ಧತಿ ಎಂದು ಒಂದು ಸಾಲು ಬರೆಯುವುದನ್ನು ಮರೆಯಬೇಡಿ.

ಹಳೇಕಲ್ಲು

ಉಬ್ಬು-ತಗ್ಗು ಸರಿಯಾಗಿ ಕಾಣದಿದ್ದರೆ ಅಮೋನಿಯಂ ಕ್ಲೋರೈಡ್ ಹೊಗೆ ಹಿಡಿಸಿ ಫೋಟೊ ತೆಗೆಯಬಹುದಲ್ಲ? ಟ್ರೈಲೊಬೈಟ್‌ಗಳಿಗೆ ಮಾಡುವಂತೆ ತೆಳ್ಳಗೆ ಬಿಳಿ ಪುಡಿ ಕೂರಿಸಿದರೆ ಸಾಕು.

ಸಿರೆಗೆರೆ

ಈ ಕಲ್ಲಿಗೆ ಬೇಡ. ಸುಣ್ಣಕಲ್ಲಿನಲ್ಲಿರುವ ಗಟ್ಟಿ ಚಿಪ್ಪಿಗೆ ಅದು ಸರಿ. ಇಲ್ಲಿ ರೆಕ್ಕೆ ಎಂದರೆ ಶೇಲ್‌ನ ಮೇಲೆ ಕೂತ ತೆಳುವಾದ ಕಪ್ಪು ಇಂಗಾಲದ ಪೊರೆ. ಬಿಳಿ ಪುಡಿ ಕೂತರೆ ಬಣ್ಣದ ವ್ಯತ್ಯಾಸ ಮುಚ್ಚಿಹೋಗುತ್ತದೆ, ಟೆರೊಸ್ಟಿಗ್ಮಾದ ಗಡಿ ಕಾಣುವುದು ಆ ಬಣ್ಣದಿಂದಲೇ. ಅದಕ್ಕಿಂತ ಮುಖ್ಯವಾಗಿ, ಅಮೋನಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ, ಆಮೇಲೆ ನೀರಿನಿಂದ ತೊಳೆಯಬೇಕಾಗುತ್ತದೆ. ಜೇಡಿಯಂಶ ಇರುವ ಶೇಲ್ ನೀರು ಕುಡಿದು ಉಬ್ಬಿ ಪದರ ಬಿಡುತ್ತದೆ. ಹೋಲೋಟೈಪ್ (ಹೊಸ ಪ್ರಭೇದದ ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಆಗಬೇಕಾದ ಕಲ್ಲಿನ ಮೇಲೆ ಇಂಥ ಪ್ರಯೋಗ ಯಾಕೆ?

ಉಬ್ಬು-ತಗ್ಗಿಗೆ ಓರೆ ಬೆಳಕೇ ಸಾಕು. ಒಂದೇ ದೀಪ, ಕಲ್ಲಿನ ಮೈಗೆ 10ರಿಂದ 20 ಡಿಗ್ರಿಯಲ್ಲಿ. ಚಿತ್ರದಲ್ಲಿ ಬೆಳಕು ಮೇಲಿನ ಎಡಮೂಲೆಯಿಂದ ಬರಲಿ. ಕೆಳಗಿನಿಂದ ಬಂದರೆ ನಮ್ಮ ಕಣ್ಣು ಗುಂಡಿಯನ್ನು ದಿಬ್ಬ ಎಂದೇ ನೋಡುತ್ತದೆ. ಸಂಶಯ ಬಂದಲ್ಲಿ ಚಿತ್ರದಿಂದ ತೀರ್ಮಾನ ಬೇಡ, ಸೂಕ್ಷ್ಮದರ್ಶಕದಡಿ ಕಲ್ಲನ್ನು ನಿಧಾನವಾಗಿ ತಿರುಗಿಸಿ ನೆರಳು ಯಾವ ಕಡೆ ಬೀಳುತ್ತದೆ ನೋಡಿ. ಸಿರೆಗೆ ಸಮಾನಾಂತರವಾಗಿ ಬೆಳಕು ಬಿದ್ದರೆ ಆ ಸಿರೆ ಮಾಯವಾಗುತ್ತದೆ, ಹಾಗಾಗಿ ಕನಿಷ್ಠ ಮೂರು ದಿಕ್ಕಿನಿಂದ ತೆಗೆಯಿರಿ. ಉದ್ದಸಿರೆಗಳು ಮುಂದಿನ ಅಂಚಿನ ಕಡೆಯ ಬೆಳಕಿಗೆ ಏಳುತ್ತವೆ, ಅಡ್ಡಸಿರೆಗಳು ತುದಿಯ ಅಥವಾ ಬುಡದ ಕಡೆಯ ಬೆಳಕಿಗೆ.

ಬಣ್ಣಕ್ಕೆ ಬೇರೆ ಚಿತ್ರ. 95% ಎಥನಾಲ್ ಒಂದೆರಡು ಹನಿ ಹಾಕಿ, ಅದು ಆರುವ ಮೊದಲು ತೆಗೆಯಬೇಕು. ಕಪ್ಪು ಪೊರೆಗೂ ಬೂದು ಕಲ್ಲಿಗೂ ಅಂತರ ಹೆಚ್ಚುತ್ತದೆ, ಒಣಗಿದಾಗ ಕಾಣದಿದ್ದ ಅಡ್ಡಸಿರೆಗಳು ಎದ್ದು ಬರುತ್ತವೆ. ಆದರೆ ಒದ್ದೆ ಚಿತ್ರದಲ್ಲಿ ಉಬ್ಬು-ತಗ್ಗು ಸತ್ತುಹೋಗುತ್ತದೆ. ಎರಡೂ ಬೇಕು, ಒಂದು ಇನ್ನೊಂದರ ಬದಲಿಗೆ ಆಗದು. ಪೊರೆ ಸಡಿಲವಾಗಿ ಏಳುತ್ತಿದ್ದರೆ ಎಥನಾಲ್ ಕೂಡ ಹಾಕಬೇಡಿ, ದೀಪಕ್ಕೂ ಲೆನ್ಸಿಗೂ ಪೋಲರೈಸರ್ ಹಾಕಿ ಹೊಳಪು ಕಳೆಯಿರಿ. ವಾರ್ನಿಷ್, ಎಣ್ಣೆ ಯಾವುದೂ ಹತ್ತಿರ ಸುಳಿಯಬಾರದು. ಅಂಚು ಉದುರುತ್ತಿದ್ದರೆ ಪ್ಯಾರಾಲಾಯ್ಡ್ ಬಿ-72 ಎಂಬ ಅಂಟುರಾಳವನ್ನು ಅಸಿಟೋನಿನಲ್ಲಿ ತೆಳ್ಳಗೆ, 2ರಿಂದ 5% ಕರಗಿಸಿ ಕಲ್ಲಿನ ಅಂಚಿಗೆ ಮಾತ್ರ, ಅದೂ ಮ್ಯೂಸಿಯಂನವರ ಒಪ್ಪಿಗೆ ಪಡೆದು.

ಅಳತೆಪಟ್ಟಿ ರೆಕ್ಕೆ ಇರುವ ಮಟ್ಟದಲ್ಲೇ ಇರಲಿ. ಕಲ್ಲಿನ ಬುಡದಲ್ಲಿ, ಮೇಜಿನ ಮೇಲೆ ಇಟ್ಟರೆ ಲೆನ್ಸಿಗೆ ಅದು ದೂರವಾಗಿ ರೆಕ್ಕೆ ದೊಡ್ಡದೆಂದು ಅಳತೆ ಬರುತ್ತದೆ. ಕಲ್ಲು ಓರೆಯಾಗಿದ್ದರೂ ತಪ್ಪೇ: 10 ಡಿಗ್ರಿ ಓರೆಯಾದರೆ ಆ ದಿಕ್ಕಿನ ಉದ್ದ 1.5% ಕುಗ್ಗುತ್ತದೆ, 20 ಡಿಗ್ರಿಗೆ 6%. ಕಲ್ಲಿನ ಕೆಳಗೆ ಜೇಡಿಮಣ್ಣಿನ ಉಂಡೆ ಇಟ್ಟು ಮೈ ಸಮತಟ್ಟು ಮಾಡಿ, ನಾಲ್ಕು ಮೂಲೆಯೂ ಒಟ್ಟಿಗೆ ಫೋಕಸ್ ಆಗುತ್ತದೆಯೇ ನೋಡಿಕೊಂಡರೆ ಸಾಕು.

ರೇಖಾಚಿತ್ರದ ಬಗ್ಗೆ ಒಂದು ಹಟ ಇದೆ, ಹೇಳಿಬಿಡುತ್ತೇನೆ. ಹತ್ತಿರದ ಸಂಬಂಧಿ ಪ್ರಭೇದದ ಪ್ರಕಟಿತ ಚಿತ್ರವನ್ನು ನೋಡುವ ಮೊದಲೇ ನಿಮ್ಮ ರೆಕ್ಕೆಯನ್ನು ಬರೆದು ಮುಗಿಸಿ. ಮೊದಲೇ ನೋಡಿದರೆ ಇಲ್ಲದ ಅಡ್ಡಸಿರೆಯೂ ಕೈಗೆ ಬರುತ್ತದೆ. ಎರಡೂ ಹೋಳುಗಳನ್ನು ಬೇರೆ ಬೇರೆ ಬರೆದು, ಒಂದನ್ನು ಕನ್ನಡಿಯಂತೆ ತಿರುಗಿಸಿ ಇನ್ನೊಂದರ ಮೇಲೆ ಕೂರಿಸಿ. ಎರಡರಲ್ಲೂ ಕಂಡದ್ದು ಅಥವಾ ಒಂದರಲ್ಲಿ ಖಚಿತವಾಗಿ ಕಂಡದ್ದು ಗಟ್ಟಿ ಗೆರೆ, ಊಹಿಸಿದ್ದು ಚುಕ್ಕೆಗೆರೆ, ಕಲ್ಲಿನ ಬಿರುಕು ಬೇರೆ ಬಣ್ಣ. ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಇವನ್ನು ಬೇರೆ ಬೇರೆ ಲೇಯರ್‌ಗಳಲ್ಲಿ ಇಟ್ಟರೆ ಕೊನೆಯಲ್ಲಿ ಬಿರುಕಿನ ಲೇಯರ್ ಆರಿಸಿ ನೋಡಬಹುದು. ‘ಆರ್‌ಪಿ2ರ ಹೊಸ ಕವಲು’ ಎಂದುಕೊಂಡದ್ದು ಬಿರುಕಿನ ಜತೆಗೇ ಹೋಗಿಬಿಟ್ಟರೆ ಅದು ಸಿರೆಯಲ್ಲ.

ಓರೆಪದರ

ಮೇಲಿನವರಿಬ್ಬರೂ ಮುಟ್ಟದ ವಿಷಯ: ಕಲ್ಲು ಹಿಗ್ಗಿ ಕುಗ್ಗಿರಬಹುದು. ಒಕನಾಗನ್ ಹೈಲ್ಯಾಂಡ್ಸ್‌ನ ಕೆಲವು ನೆಲೆಗಳಲ್ಲಿ ಇದು ಬರೀ ಊಹೆಯಲ್ಲ. ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸ್‌ಟನ್ ಬಳಿಯ ಅಲೆನ್‌ಬಿ ಶಿಲಾಸ್ತರದಲ್ಲಿ ಸಿಕ್ಕಿದ ದೈತ್ಯ ಇರುವೆ ಟೈಟಾನೊಮಿರ್ಮಾ ನೆನಪಿಸಿಕೊಳ್ಳಿ. 2023ರಲ್ಲಿ ಅದನ್ನು ಪ್ರಕಟಿಸಿದವರು ಪ್ರಭೇದದ ಹೆಸರನ್ನೇ ಕೊಡಲಿಲ್ಲ. ಕಲ್ಲಿನ ಒತ್ತಡಕ್ಕೆ ಆಕಾರ ಕೆಟ್ಟಿದ್ದರಿಂದ, ಯಾವ ದಿಕ್ಕಿಗೆ ಸರಿಪಡಿಸಿದರೆ ಎಷ್ಟು ದೊಡ್ಡದಾಗುತ್ತದೆ ಎಂಬುದಕ್ಕೆ ಒಂದೇ ಉತ್ತರ ಇರಲಿಲ್ಲ. ದೊಡ್ಡ ಇರುವೆಯೂ ಆಗಬಹುದಿತ್ತು, ಸಣ್ಣದೂ ಆಗಬಹುದಿತ್ತು.

ರೆಕ್ಕೆಗೆ ಇದು ಎಷ್ಟು ಪೆಟ್ಟು ಕೊಡುತ್ತದೆ ಎಂದು ಲೆಕ್ಕ ಹಾಕಿ. 30 ಮಿ.ಮೀ. ಉದ್ದ, 6 ಮಿ.ಮೀ. ಅಗಲದ ರೆಕ್ಕೆ, ಉದ್ದ-ಅಗಲದ ಅನುಪಾತ 5. ಕಲ್ಲು ಒಂದು ದಿಕ್ಕಿಗೆ 10% ಹಿಗ್ಗಿ ಅಡ್ಡಕ್ಕೆ 10% ಕುಗ್ಗಿತು ಅನ್ನಿ. ಹಿಗ್ಗಿದ ದಿಕ್ಕಿಗೆ ಮಲಗಿದ್ದ ರೆಕ್ಕೆ 33 ಮಿ.ಮೀ.ಗೆ 5.4 ಮಿ.ಮೀ., ಅನುಪಾತ 6.1. ಅದೇ ಪದರದಲ್ಲಿ ಅಡ್ಡ ಮಲಗಿದ್ದ ಅದೇ ಪ್ರಭೇದದ ಇನ್ನೊಂದು ರೆಕ್ಕೆ 27 ಮಿ.ಮೀ.ಗೆ 6.6 ಮಿ.ಮೀ., ಅನುಪಾತ 4.1. ಒಬ್ಬರು ಕೂತು ‘ಸಪೂರ ರೆಕ್ಕೆಯದು’, ‘ಅಗಲ ರೆಕ್ಕೆಯದು’ ಎಂದು ಎರಡು ಪ್ರಭೇದ ಬರೆದುಬಿಡಬಹುದು! ಕೋನಗಳೂ ಉಳಿಯುವುದಿಲ್ಲ: ಉದ್ದಕ್ಕೆ 45 ಡಿಗ್ರಿಯಲ್ಲಿದ್ದ ಸಿರೆ ಮೊದಲನೆಯ ರೆಕ್ಕೆಯಲ್ಲಿ ಸುಮಾರು 39 ಡಿಗ್ರಿಗೆ ಮಲಗುತ್ತದೆ. ಟೆರೊಸ್ಟಿಗ್ಮಾದ ಅಂಚಿನ ಓರೆ, ಕ್ವಾಡ್ರಾಂಗಲ್‌ನ ಆಕಾರ ಎಲ್ಲವೂ ಇದರ ಬಾಯಿಗೆ ಬೀಳುತ್ತವೆ.

ಕೆಡದೆ ಉಳಿಯುವುದು ಸಂಬಂಧಗಳು. ಯಾವ ಸಿರೆ ಯಾವುದರಿಂದ ಹುಟ್ಟಿತು, ನೋಡಸ್‌ಗೆ ಎಷ್ಟು ಕೋಶ ಹಿಂದೆ, ಟೆರೊಸ್ಟಿಗ್ಮಾದ ಅಡಿಯಲ್ಲಿ ಎಷ್ಟು ಕೋಶ, ಎರಡು ಸಿರೆಗಳ ನಡುವೆ ಕೋಶಗಳ ಸಾಲು ಎಲ್ಲಿ ಒಂದರಿಂದ ಎರಡಾಯಿತು. ಇವನ್ನು ಎಷ್ಟು ಎಳೆದರೂ ಬದಲಾಗುವುದಿಲ್ಲ. ಒಂದೇ ಗೆರೆಯ ಮೇಲಿನ ಅನುಪಾತಗಳೂ ಬಹುಮಟ್ಟಿಗೆ ನಿಲ್ಲುತ್ತವೆ, ಉದಾಹರಣೆಗೆ ಮುಂದಿನ ಅಂಚಿನುದ್ದಕ್ಕೂ ನೋಡಸ್‌ನಿಂದ ಟೆರೊಸ್ಟಿಗ್ಮಾಗೆ ಮತ್ತು ಟೆರೊಸ್ಟಿಗ್ಮಾದಿಂದ ತುದಿಗೆ ಇರುವ ದೂರ. ಎರಡೂ ಒಂದೇ ದಿಕ್ಕಿನವು, ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ. ಉದ್ದವನ್ನು ಅಗಲದಿಂದ ಭಾಗಿಸಿದ ಸಂಖ್ಯೆಯನ್ನು ಮಾತ್ರ ಡಯಾಗ್ನೋಸಿಸ್‌ಗೆ (ಪ್ರಭೇದವನ್ನು ಬೇರ್ಪಡಿಸುವ ಲಕ್ಷಣಗಳ ಪಟ್ಟಿ) ಏರಿಸಬೇಡಿ.

ನಿಮ್ಮ ಕಲ್ಲು ಕೆಟ್ಟಿದೆಯೇ ಎಂದು ತಿಳಿಯಲು ಅದೇ ಹಲಗೆಯ ಮೇಲೆ ಬೇರೇನಿದೆ ನೋಡಿ. ಎರಡು ಮಗ್ಗುಲೂ ಒಂದೇ ಥರ ಇರಬೇಕಾದ ಎಲೆ, ಬೀಜ, ದುಂಬಿ ಯಾವುದಾದರೂ ಇದ್ದು ಒಂದು ಪಕ್ಕಕ್ಕೆ ವಾಲಿದ್ದರೆ ಉತ್ತರ ಸಿಕ್ಕಿತು. ಏನೂ ಇಲ್ಲದಿದ್ದರೆ ‘ವಿರೂಪವನ್ನು ಪರೀಕ್ಷಿಸಲು ಆಗಲಿಲ್ಲ’ ಎಂದೇ ಬರೆಯಿರಿ.

ಪೂರ್ತಿ ಉದ್ದದ ಪ್ರಶ್ನೆಗೆ: ಹತ್ತಿರದ ಪ್ರಭೇದಗಳಲ್ಲಿ ನೋಡಸ್ ಬುಡದಿಂದ 27ರಿಂದ 33% ದೂರದಲ್ಲಿದೆ ಎಂದು ನೀವು ಅಳೆದುಕೊಂಡಿರಿ ಅನ್ನಿ. ನೋಡಸ್‌ನಿಂದ ತುದಿಗೆ 23 ಮಿ.ಮೀ. ಇರುವುದರಿಂದ ಪೂರ್ತಿ ರೆಕ್ಕೆ 31.5ರಿಂದ 34.3 ಮಿ.ಮೀ. ಒಳಗೆ ಬರುತ್ತದೆ. ‘ಉಳಿದಂತೆ 27, ಅಂದಾಜು 32–34 ಮಿ.ಮೀ.’ ಎಂದು ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಆಮೇಲೆ ‘ಈ ಪ್ರಭೇದದಲ್ಲಿ ನೋಡಸ್ 30% ದೂರದಲ್ಲಿದೆ’ ಎಂದು ಬರೆಯುವ ಹಾಗಿಲ್ಲ. ಆ ಸಂಖ್ಯೆಯನ್ನು ನೀವೇ ಒಳಗೆ ಹಾಕಿ ನೀವೇ ಹೊರಗೆ ತೆಗೆದಂತಾಗುತ್ತದೆ. ವಿಮರ್ಶಕರು ಮೊದಲು ಹಿಡಿಯುವುದು ಇದನ್ನೇ.

ಪದರಶಿಲೆ

ಎಲ್ಲರಿಗೂ ಧನ್ಯವಾದ. ಮೊದಲ ಹೋಳಿನಲ್ಲಿ ಆರ್‌ಎ ಗೀರಿನಂತಿದೆ, ತುದಿ ಬಲಕ್ಕೆ. ಎದುರು ಹೋಳಿನಲ್ಲಿ ಏಣು, ತುದಿ ಎಡಕ್ಕೆ. ಹಾಗಾದರೆ ಎಡ ರೆಕ್ಕೆ. ಎಣಿಕೆಯಲ್ಲಿ ಒಂದು ಗಂಟು ಬಿತ್ತು: ಟೆರೊಸ್ಟಿಗ್ಮಾದ ಕೆಳಗಿನ ಭಾಗದಲ್ಲಿ ಆರ್‌ಪಿ1 ಮತ್ತು ಆರ್‌ಪಿ2 ನಡುವೆ ಮೂರು ಉದ್ದಸಿರೆಗಳು ಕಾಣುತ್ತವೆ, ಐಆರ್1 ಒಂದೇ ತಾನೇ ಇರಬೇಕು? ಆರ್‌ಪಿ3-4 ನೋಡಸ್‌ಗಿಂತ ಬುಡದ ಕಡೆಗೆ ಹುಟ್ಟುತ್ತದೆ, ಐಆರ್2 ನೋಡಸ್‌ನ ನೇರಕ್ಕೆ. ನೋಡಸ್ ದಾಟಿದ ಅಡ್ಡಸಿರೆಗಳು ಟೆರೊಸ್ಟಿಗ್ಮಾದವರೆಗೆ 19. ಇದೇ ಕುಲದ್ದು ಎನ್ನಿಸುವ, ವರ್ಣಿತವಾದ ಒಂದು ಪ್ರಭೇದದ ಹೋಲೋಟೈಪ್‌ನಲ್ಲಿ 22 ಇವೆ. ಮೂರರ ವ್ಯತ್ಯಾಸ ಸಾಕಾಗುತ್ತದೆಯೇ?

ನೋಡಸ್‌ನೋಡಿ

ಮೂರು ಸಿರೆಗಳಲ್ಲಿ ಯಾವುದು ಉಬ್ಬಿನ ಮೇಲಿದೆಯೋ, ಅತಿ ಬುಡದಿಂದ ಹೊರಡುತ್ತದೆಯೋ ಅದು ಐಆರ್1. ಉಳಿದೆರಡು ಪೂರಕ ಸಿರೆಗಳು, ತುದಿಯ ಕಡೆ ರೆಕ್ಕೆ ಅಗಲವಾದಾಗ ಕೋಶಗಳ ಸಾಲುಗಳ ನಡುವೆ ತಾವಾಗಿಯೇ ಮೂಡುವಂಥವು. ಗಮನಿಸಿ, ಅವು ಸಾಮಾನ್ಯವಾಗಿ ದೊಡ್ಡ ಸಿರೆಯಿಂದ ನೇರವಾಗಿ ಕವಲೊಡೆಯುವುದಿಲ್ಲ, ಅಡ್ಡಸಿರೆಯಿಂದ ಅಂಕುಡೊಂಕಾಗಿ ಶುರುವಾಗುತ್ತವೆ. ಅವುಗಳ ಸಂಖ್ಯೆ ಒಂದೇ ಪ್ರಾಣಿಯ ನಾಲ್ಕು ರೆಕ್ಕೆಗಳಲ್ಲೂ ಬದಲಾಗಬಹುದು, ಹಾಗಾಗಿ ವರ್ಣನೆಯಲ್ಲಿ ಬರೆಯಿರಿ, ಡಯಾಗ್ನೋಸಿಸ್‌ನಲ್ಲಿ ಬೇಡ.

19ಕ್ಕೂ 22ಕ್ಕೂ ವ್ಯತ್ಯಾಸ ಒಂದನ್ನೇ ನಂಬಿ ಪ್ರಭೇದ ಕಟ್ಟಬೇಡಿ. ಈಗಿನ ಯಾವುದಾದರೂ ಡ್ಯಾಮ್ಸೆಲ್‌ಫ್ಲೈಯ ಹತ್ತಿಪ್ಪತ್ತು ರೆಕ್ಕೆಗಳಲ್ಲಿ ಎಣಿಸಿ ನೋಡಿ, ಎಡ ರೆಕ್ಕೆಗೂ ಬಲ ರೆಕ್ಕೆಗೂ ನಡುವೆಯೇ ಒಂದೆರಡರ ಅಂತರ ಸಿಗುತ್ತದೆ. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಇನ್ನೂ ಹೆಚ್ಚು. ಅಷ್ಟೇ ಅಲ್ಲ, ನಿಮ್ಮದು ಮುಂದಿನ ರೆಕ್ಕೆಯೋ ಹಿಂದಿನದೋ? ಡ್ಯಾಮ್ಸೆಲ್‌ಫ್ಲೈಗಳಲ್ಲಿ ಇವೆರಡೂ ಅವಳಿಜವಳಿ. ಹಿಂದಿನದು ಸ್ವಲ್ಪ ಗಿಡ್ಡ, ಅಡ್ಡಸಿರೆ ಕಡಿಮೆ. ಆ ಹೋಲೋಟೈಪ್ ಮುಂದಿನ ರೆಕ್ಕೆಯಾಗಿದ್ದು ನಿಮ್ಮದು ಹಿಂದಿನದಾಗಿದ್ದರೆ 19 ಮತ್ತು 22 ಒಂದೇ ಪ್ರಾಣಿಯ ಮೈಮೇಲಿನ ಎರಡು ರೆಕ್ಕೆಗಳೂ ಆಗಿರಬಹುದು. ಬಿಡಿ ರೆಕ್ಕೆಯಲ್ಲಿ ಇದನ್ನು ಖಚಿತವಾಗಿ ಹೇಳಲಾಗದಿದ್ದರೆ ‘ಮುಂದಿನ ಅಥವಾ ಹಿಂದಿನ ರೆಕ್ಕೆ’ ಎಂದು ಬರೆದು, ಎರಡೂ ಸಾಧ್ಯತೆಯಲ್ಲಿ ನಿಲ್ಲುವ ಲಕ್ಷಣಗಳನ್ನೇ ಆರಿಸಬೇಕು.

ಬಲವಾದದ್ದು ನೀವೇ ಹೇಳಿದ್ದೀರಿ: ಐಆರ್2 ನೋಡಸ್‌ನ ನೇರಕ್ಕೆ ಹುಟ್ಟುತ್ತದೆ ಎಂದಿರಿ. ಹೋಲಿಸುವ ಪ್ರಭೇದದಲ್ಲಿ ಅದು ಎಷ್ಟು ಕೋಶ ಆಚೆಗಿದೆ? ಟೆರೊಸ್ಟಿಗ್ಮಾದ ಅಡಿಯಲ್ಲಿ ಎಷ್ಟು ಕೋಶ, ಅದರ ಒಳಮೂಲೆಗೆ ಆಧಾರವಾಗಿ ನಿಲ್ಲುವ ಓರೆ ಅಡ್ಡಸಿರೆ ಇದೆಯೇ ಇಲ್ಲವೇ, ಸಿಯುಎ ರೆಕ್ಕೆಯ ಹಿಂಬದಿಯನ್ನು ಎಲ್ಲಿ ಮುಟ್ಟುತ್ತದೆ? ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಬೇರೆಯಾಗಿದ್ದರೆ, ಅವು ಒಂದಕ್ಕೊಂದು ಅಂಟಿಕೊಂಡಿರದಿದ್ದರೆ, ಹೆಸರಿಡಿ. ಒಂದೇ ಒಂದು ಬೇರೆಯಾಗಿದ್ದರೆ ಕುಲದ ಹೆಸರಿನ ಮುಂದೆ ‘ಪ್ರಭೇದ ಎ’ ಎಂದು ಬಿಡಿ. ಮುಂದೆ ಪೂರ್ತಿ ರೆಕ್ಕೆ ಸಿಕ್ಕಿದವರು ನಿಮ್ಮ ಚಿತ್ರವನ್ನು ಬಳಸಿಕೊಳ್ಳುತ್ತಾರೆ. ಪಳೆಯುಳಿಕೆ ಜಿರಳೆಗಳಲ್ಲಿ ಚೂರು ಚೂರಿಗೂ ಹೆಸರಿಟ್ಟು ಮಾಡಿಟ್ಟ ರಾಶಿಯನ್ನು ಇವತ್ತಿಗೂ ಜನ ಬಿಡಿಸುತ್ತಿದ್ದಾರೆ.

ಕಣ್ಣು ಪಳಗಿಸಲು ಒಂದು ದಾರಿ. ಒಕನಾಗನ್ ಕೆಸರಿನಲ್ಲೇ ಯೂಫೇಯಿಡೇ ಕುಟುಂಬದ ಒಂದು ಪ್ರಭೇದವೂ ಇದೆ, ರಿಪಬ್ಲಿಕಾ ವೆಟ್‌ಬ್ರೂಕಿ. ಅದೇ ಕುಟುಂಬದ ಯೂಫೇಯಾ ಫ್ರೇಸೆರಿ ಇವತ್ತಿಗೂ ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಕಲ್ಲಿನ ಮೇಲೆ ಕೂರುತ್ತದೆ. ಹೆಚ್ಚಿನ ಡ್ಯಾಮ್ಸೆಲ್‌ಫ್ಲೈಗಳಲ್ಲಿ ನೋಡಸ್‌ನ ಒಳಗಡೆ ಎರಡೇ ಅಡ್ಡಸಿರೆಗಳಿರುತ್ತವೆ, ಯೂಫೇಯಾದಲ್ಲಿ ಸಾಲುಸಾಲು. ಮ್ಯೂಸಿಯಂನ ಒಣ ಮಾದರಿಯನ್ನು ಓರೆ ಬೆಳಕಿನಲ್ಲಿಟ್ಟು ಒಮ್ಮೆ ಉಬ್ಬು-ತಗ್ಗು ಎಣಿಸಿದರೆ ಕಲ್ಲಿನಲ್ಲಿ ಎಣಿಸುವುದು ಅರ್ಧ ಸುಲಭ.

ಹೆಸರುಪಟ್ಟಿ

ಸೆಫಲೋಝೈಗಾಪ್ಟೆರಾ ಬಗ್ಗೆ ಯಾರೂ ಹೇಳಲಿಲ್ಲ. 2021ರಲ್ಲಿ ಆರ್ಚಿಬಾಲ್ಡ್, ಕ್ಯಾನಿಂಗ್ಸ್ ಮತ್ತವರ ಜತೆಗಾರರು ಝೂಟ್ಯಾಕ್ಸಾ ಪತ್ರಿಕೆಯಲ್ಲಿ ಒಕನಾಗನ್ ಹೈಲ್ಯಾಂಡ್ಸ್‌ನಿಂದ 17 ಹೊಸ ಪ್ರಭೇದಗಳನ್ನು ವರ್ಣಿಸಿ, ಅವುಗಳಲ್ಲಿ 16ನ್ನು ಈ ಹೊಸ ಉಪಗಣಕ್ಕೆ ಸೇರಿಸಿದರು. ಆಧಾರ ಮುಖ್ಯವಾಗಿ ತಲೆಯ ಆಕಾರ. ಈಗಿನ ಡ್ಯಾಮ್ಸೆಲ್‌ಫ್ಲೈಗಳ ಕಣ್ಣುಗಳು ಸುತ್ತಿಗೆಯ ಎರಡು ತುದಿಗಳಂತೆ ದೂರ ದೂರ. ಇವುಗಳಲ್ಲಿ ತಲೆ ದುಂಡು, ಕಣ್ಣು ತಲೆಗೆ ಒತ್ತಿಕೊಂಡಿವೆ. ನೆಲ್ ಮತ್ತು ಝೆಂಗ್ ಅದೇ ವರ್ಷ ಒಪ್ಪಲಿಲ್ಲ: ಆ ಆಕಾರ ಕಲ್ಲಿನಲ್ಲಿ ಅಪ್ಪಚ್ಚಿಯಾದದ್ದರ ಫಲ ಎಂದರು. ತಲೆಯೇ ಇಲ್ಲದ ನಿಮಗೆ ಈ ಜಗಳದಲ್ಲಿ ಹಾಕಲು ಸಾಕ್ಷಿ ಇಲ್ಲ. ಡಿಸಾಗ್ರಿಯೋನಿಡೇ ಕುಟುಂಬದವರೆಗೆ ರೆಕ್ಕೆ ಕರೆದೊಯ್ದರೆ ಅಲ್ಲಿಗೇ ನಿಲ್ಲಿ. ‘ಉಪಗಣ: 2021ರ ಅರ್ಥದಲ್ಲಿ ಸೆಫಲೋಝೈಗಾಪ್ಟೆರಾ’ ಎಂದು ಬರೆದು ವಿವಾದ ಇದೆ ಎಂದು ಒಂದು ಸಾಲು ಸೇರಿಸಿ. ಪ್ರಾಣಿನಾಮಕರಣ ಸಂಹಿತೆ ಸೂಪರ್‌ಫ್ಯಾಮಿಲಿಗಿಂತ ಮೇಲಿನ ಹೆಸರುಗಳಿಗೆ ಕೈಹಾಕುವುದಿಲ್ಲ, ಹಾಗಾಗಿ ಉಪಗಣ ಬಿದ್ದುಹೋದರೂ ನಿಮ್ಮ ಪ್ರಭೇದದ ಹೆಸರಿಗೆ ಏನೂ ಆಗುವುದಿಲ್ಲ.

ಸಂಹಿತೆ ಕೇಳುವುದು ಬಹಳ ಇಲ್ಲ, ಆದರೆ ಒಂದು ತಪ್ಪಿದರೂ ಹೆಸರು ಲೆಕ್ಕಕ್ಕೆ ಬರುವುದಿಲ್ಲ. ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಿರಬೇಕು. ಬೇರೆಯವುಗಳಿಂದ ಬೇರ್ಪಡಿಸುವ ಲಕ್ಷಣಗಳು ಪದಗಳಲ್ಲಿರಬೇಕು, ಬರೀ ಚಿತ್ರ ಸಾಲದು. ಹೋಲೋಟೈಪ್ ಯಾವುದು, ಯಾವ ಸಂಗ್ರಹದಲ್ಲಿದೆ ಎಂದಿರಬೇಕು. ಎರಡೂ ಹೋಳು ಸೇರಿ ಒಂದೇ ಹೋಲೋಟೈಪ್. ಒಂದೇ ಸಂಖ್ಯೆಗೆ ಎ, ಬಿ ಎಂದು ಸೇರಿಸಿ. ಒಂದನ್ನು ಹೋಲೋಟೈಪ್, ಇನ್ನೊಂದನ್ನು ಪ್ಯಾರಾಟೈಪ್ (ಜತೆಗಿನ ಬೇರೆ ಮಾದರಿ) ಎಂದು ಬರೆಯುವವರಿದ್ದಾರೆ, ಅದು ತಪ್ಪು. ಆನ್‌ಲೈನ್‌ನಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಪ್ರಕಟಣೆಗೆ ಮೊದಲೇ ಝೂಬ್ಯಾಂಕ್‌ನಲ್ಲಿ (ಪ್ರಾಣಿಗಳ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆ) ನೋಂದಣಿ ಆಗಿ, ಅದರ ಗುರುತು ಪ್ರಬಂಧದ ಒಳಗೇ ಮುದ್ರಿತವಾಗಿರಬೇಕು; ಇಂಥ ಪ್ರಕಟಣೆಗೆ ಮಾನ್ಯತೆ ಬಂದದ್ದೇ 2012ರಿಂದ, ಈ ಷರತ್ತಿನ ಮೇಲೆ. ವರ್ಣನೆಯನ್ನು ಪೂರಕ ಕಡತಕ್ಕೆ ತಳ್ಳಬೇಡಿ. ಸಮ್ಮೇಳನದ ಸಾರಾಂಶದಲ್ಲಿ, ಥೀಸಿಸ್‌ನಲ್ಲಿ, ಪೋಸ್ಟರಿನಲ್ಲಿ ಹೊಸ ಹೆಸರು ಬಳಸಬೇಡಿ. ಅಲ್ಲಿಂದ ಯಾರೋ ಎತ್ತಿಕೊಂಡರೆ ದಿಕ್ಕುದೆಸೆಯಿಲ್ಲದ ಹೆಸರೊಂದು ಓಡಾಡಲು ಶುರುವಾಗುತ್ತದೆ.

ಲ್ಯಾಟಿನ್ ಹೆಸರಿನ ಲಿಂಗದಲ್ಲಿ ಎಡವುವವರು ಬಹಳ. ‘ಆಗ್ರಿಯಾನ್’ ಎಂದು ಮುಗಿಯುವ ಕುಲಗಳು ನಪುಂಸಕ: ಒಕನಾಗ್ರಿಯಾನ್ ಆಂಗುಸ್ಟಮ್, ‘ಆಂಗುಸ್ಟಾ’ ಅಲ್ಲ. ‘ಪ್ಟೆರಿಕ್ಸ್’ ಸ್ತ್ರೀಲಿಂಗ. ಇದು ವಿಶೇಷಣಗಳಿಗೆ ಮಾತ್ರ. ಮನುಷ್ಯರ ಹೆಸರಿನಿಂದ ಬಂದವು ಆ ವ್ಯಕ್ತಿಯನ್ನು ನೋಡುತ್ತವೆ, ಕುಲವನ್ನಲ್ಲ: ಗಂಡಸಾದರೆ ‘ಐ’, ಹೆಂಗಸಾದರೆ ‘ಏ’, ಗಂಡಸರೂ ಇರುವ ಗುಂಪಾದರೆ ‘ಓರಮ್’, ಹೆಂಗಸರೇ ಆದರೆ ‘ಆರಮ್’.

ಪದರಶಿಲೆ

ಐಆರ್2 ಆ ಪ್ರಭೇದದಲ್ಲಿ ಎರಡು ಕೋಶ ಆಚೆಗಿದೆ. ಟೆರೊಸ್ಟಿಗ್ಮಾದ ಅಡಿ ನನ್ನದರಲ್ಲಿ ಎರಡೂವರೆ ಕೋಶ, ಅದರಲ್ಲಿ ನಾಲ್ಕು. ಆಧಾರದ ಓರೆ ಸಿರೆ ಎರಡರಲ್ಲೂ ಇದೆ. ಸಿಯುಎ ಮುಗಿಯುವ ಜಾಗ ನನ್ನದರಲ್ಲಿ ಕಲ್ಲಿನ ಬಿರುಕಿನಲ್ಲಿ ಹೋಗಿದೆ. ಡಯಾಗ್ನೋಸಿಸ್ ಹೇಗೆ ಬರೆಯಲಿ?

ಸಿರೆಗೆರೆ

ಎದುರು ಹೋಳಿನಲ್ಲೂ ಅದೇ ಜಾಗ ಬಿರುಕೇ? ಬಿರುಕು ಎರಡರಲ್ಲೂ ಒಂದೇ ಕಡೆ ಹಾಯುವುದು ಅಪರೂಪವಲ್ಲ, ಆದರೆ ಸಿರೆಯ ತುದಿಯ ಮೇಲೆ ಕಲ್ಲಿನ ಚಕ್ಕೆ ಮುಚ್ಚಿಕೊಂಡಿರುವುದೂ ಉಂಟು. ಹಿಡಿಕೆಗೆ ಸಿಕ್ಕಿಸಿದ ಸೂಕ್ಷ್ಮ ಕೀಟಪಿನ್ನಿನಿಂದ, 40 ಪಟ್ಟು ದೊಡ್ಡದಾಗಿ ನೋಡುತ್ತಾ, ಅಂಚಿನಿಂದ ಹೊರಕ್ಕೆ ಚಕ್ಕೆ ಏಳಿಸಿ. ರೆಕ್ಕೆಯ ಮೈಗೆ ಪಿನ್ನು ತಾಗಬಾರದು. ಗಾಳಿಯಂತ್ರದ ಉಳಿ ಇಲ್ಲಿ ಬೇಡವೇ ಬೇಡ. ಸಿಯುಎ ಸಿಕ್ಕಿದರೆ ಮೂರನೆಯ ಲಕ್ಷಣ ಸಿಕ್ಕಿದಂತೆ.

ನೋಡಸ್‌ನೋಡಿ

ಈಗಿರುವುದರಲ್ಲಿ ಹೀಗೆ ಬರೆಯಬಹುದು, ಹೋಲಿಸುವ ಪ್ರಭೇದದ ಹೆಸರು ನೀವು ತುಂಬಿ: ‘ಕುಲದ ಉಳಿದ ಪ್ರಭೇದಗಳಿಂದ ಈ ಮುಂದಿನ ಲಕ್ಷಣಗಳಲ್ಲಿ ಬೇರೆ: ಐಆರ್2 ಹುಟ್ಟುವುದು ನೋಡಸ್‌ನ ನೇರಕ್ಕೆ, … ಪ್ರಭೇದದಲ್ಲಿ ಎರಡು ಕೋಶ ಹೊರಗೆ; ಟೆರೊಸ್ಟಿಗ್ಮಾದ ಅಡಿ ಎರಡೂವರೆ ಕೋಶ, … ಪ್ರಭೇದದಲ್ಲಿ ನಾಲ್ಕು.’ ಪ್ರತಿ ಲಕ್ಷಣಕ್ಕೂ ಎದುರಿನವರ ಸ್ಥಿತಿಯನ್ನು ಪಕ್ಕದಲ್ಲೇ ಬರೆಯಿರಿ. ‘ಲಕ್ಷಣಗಳ ವಿಶಿಷ್ಟ ಸಂಯೋಜನೆ’ ಎಂದು ಬರೆದು ಹತ್ತು ಸಾಲು ಪಟ್ಟಿ ಹಾಕಿದರೆ ಓದಿದವರಿಗೆ ಏನು ಬೇರೆ, ಏನು ಒಂದೇ ತಿಳಿಯುವುದಿಲ್ಲ. ಕುಲದ ಒಂದೊಂದು ಪ್ರಭೇದವನ್ನೂ, ಒಂದೆರಡನ್ನು ಮಾತ್ರ ಅಲ್ಲ, ಹೀಗೇ ಹೋಲಿಸಿ. 19 ಅಡ್ಡಸಿರೆಗಳು, 27 ಮಿ.ಮೀ., ಪೂರಕ ಸಿರೆಗಳೆಲ್ಲ ಕೆಳಗೆ ವರ್ಣನೆಗೆ ಹೋಗಲಿ.

ಕಳಿಸುವ ಮುಂಚೆ ಪಿನ್ನಿನ ಕೆಲಸ ಮುಗಿಸಿ. ಎರಡು ಲಕ್ಷಣದ ಮೇಲೆ ನಾನು ಹೆಸರಿಡಲು ಒಪ್ಪುತ್ತೇನೆ, ಆದರೆ ಎರಡೂ ಮುಂದಿನ-ಹಿಂದಿನ ರೆಕ್ಕೆಗಳ ವ್ಯತ್ಯಾಸ ಅಲ್ಲ ಎಂದು ತೋರಿಸಬೇಕು. ಆ ಕುಲದಲ್ಲಿ ನಾಲ್ಕೂ ರೆಕ್ಕೆ ಉಳಿದ ಮಾದರಿ ಒಂದಾದರೂ ಇದ್ದರೆ ಅದರ ಚಿತ್ರದಲ್ಲಿ ಐಆರ್2ರ ಜಾಗ ಮತ್ತು ಟೆರೊಸ್ಟಿಗ್ಮಾದ ಕೋಶಗಳನ್ನು ಎರಡೂ ಜೋಡಿಯಲ್ಲಿ ಎಣಿಸಿ ಹಾಕಿ. ಅರ್ಧ ಕೋಶದ ಅಂತರ ಬಂದರೆ ಹೆಸರಿಡಿ. ಒಂದೂವರೆ ಬಂದರೆ ‘ಪ್ರಭೇದ ಎ’.